ನೀರು ಬಿಟ್ಟು ಕೊಟ್ಟ ಪಡಸಾಲೆ

ಪಾವಗಡ
15-6-1958

ಗಂಗರತ್ನಮ್ಮನಿಗೆ ನರಸಿಂಹಯ್ಯ ಮೇಷ್ಟ್ರ ಆಶೀರ್ವಾದ.

ಲಕೋಟೆಯ ಮೇಲೆ ನಿನ್ನ ಮಗಳು ಪಟಾಲಮ್ಮನ ಹೆಸರು ಬರೆದಿದ್ದೇನೆ. ಹಳೇ ಮೇಷ್ಟ್ರು ನಾಲ್ಕನೇ ಕ್ಲಾಸಿನ ಹುಡುಗಿಗೆ ಕಾಗದ ಹಾಕಿದರೆ ಹುಣಸೇಪಾಳ್ಯದಲ್ಲಿ ಯಾರೂ ಏನೂ ಅನ್ನುವುದಿಲ್ಲ. ಗಂಡನಿಲ್ಲದ ಸೊಸೆಗೆ ಹಾಕಿದರೆ ಊರಿಗೆ ಊರೇ ಓದುತ್ತದೆ, ಅಕ್ಷರ ಬಾರದವರೂ ಓದುತ್ತಾರೆ. ಹಾಗಾಗಿ ಮೇಲಿನ ಹೆಸರು ಮಗಳದು, ಒಳಗಿನ ಮಾತು ನಿನ್ನದು.

ವರ್ಗವಾಗಿ ಬಂದು ಮೂರು ವಾರವಾಯಿತು. ಬಿಸಿಲಿನ ವಿಷಯ ಬರೆಯುವುದಿಲ್ಲ, ಬರೆದರೆ ಕಾಗದ ಹೊತ್ತಿಕೊಂಡೀತು. ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ. ನಾನು ಕನ್ನಡದಲ್ಲಿ ಬೈದರೆ ನಗುತ್ತಾರೆ, ಕೊನೆಗೆ ನಾನೂ ನಗುತ್ತೇನೆ. ಶಾಲೆಗೆ ಸರ್ಕಾರದ್ದೇ ಕಲ್ಲಿನ ಕಟ್ಟಡವಿದೆ. ಒಂದು ಹನಿಯೂ ಸೋರುವುದಿಲ್ಲವಂತೆ. ಮಳೆಯೇ ಬಾರದ ಊರಿನಲ್ಲಿ ಅದೇನು ದೊಡ್ಡ ಮಾತು?

ಹದಿನೈದು ವರ್ಷ ನಿಮ್ಮ ಮನೆಯ ಪಡಸಾಲೆಯಲ್ಲಿ ಪಾಠ ಹೇಳಿದವನಿಗೆ ಇಲ್ಲಿ ಏನೋ ಕಮ್ಮಿ ಅನ್ನಿಸುತ್ತಿತ್ತು. ಏನೆಂದು ನಿನ್ನೆ ಹೊಳೆಯಿತು. ಗೋಡೆಯ ಆಚೆ ಒಗ್ಗರಣೆಯ ಸದ್ದಿಲ್ಲ. ನಿನ್ನ ಮಾವ ಚಿಕ್ಕಹನುಮಯ್ಯನವರು ಒಂದು ದಿನ ಬಂದು ಹೇಳಿದ್ದು ಈಗಲೂ ಕಿವಿಯಲ್ಲಿದೆ. ‘ಮೇಷ್ಟ್ರೇ, ನಮ್ ಸೊಸೆ ನಿಮ್ ಪಾಠ ಕೇಳ್ಕಂಡು ಮೊರದಾಗಿನ ರಾಗಿ ಇಟ್ನಲ್ಲಿ ಅಕ್ಸರ ಬರೀತವ್ಳೆ. ಒಂದು ಸ್ಲೇಟಾದ್ರೂ ಕೊಡಿ, ಸುಮ್ನೆ ಇಟ್ಟು ಆಳಾಗ್ತದೆ.’ ಅಡಿಗೆಮನೆಗೂ ಪಡಸಾಲೆಗೂ ನಡುವಿನ ಬಾಗಿಲ ಸಂದಿಯಲ್ಲಿ ಆ ಸ್ಲೇಟು ಎಷ್ಟು ವರ್ಷ ಆಚೆ ಈಚೆ ಓಡಾಡಿತು! ನನ್ನ ಹತ್ತಿರ ಕಲಿತ ಇನ್ನೂರು ಮಕ್ಕಳಲ್ಲಿ ಮುಖ ಕಾಣದೆ ಕಲಿಸಿದ್ದು ನಿನ್ನೊಬ್ಬಳಿಗೇ. ಅಕ್ಷರ ದುಂಡಗಿರುವುದೂ ನಿನ್ನದೇ.

ಶಾಲೆ ಹೇಗಿದೆ, ಬರೆ. ತಪ್ಪಿದ್ದರೆ ತಿದ್ದಿ ವಾಪಸು ಕಳಿಸುತ್ತೇನೆ, ಹೆದರಬೇಡ.

ನರಸಿಂಹಯ್ಯ


ಹುಣಸೇಪಾಳ್ಯ, ಕೊಡಿಗೇಹಳ್ಳಿ ಅಂಚೆ
27-7-1958

ಮೇಷ್ಟ್ರಿಗೆ ಗಂಗರತ್ನ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನ ಪಟಾಲಿ ಅದನ್ನು ಎದೆಗೆ ಒತ್ತಿಕೊಂಡು ಊರೆಲ್ಲ ತಿರುಗಿದಳು. ಜಗಲಿ ಮೇಲೆ ಕೂತು ಅವಳು ಓದಿದ ಹಾಗೆ ಮಾಡಿದಳು, ನಾನು ಕೇಳಿದ ಹಾಗೆ ಮಾಡಿದೆ. ಆಮೇಲೆ ಒಲೆ ಮುಂದೆ ಕೂತು ನಾನೇ ಎರಡು ಸಲ ಓದಿದೆ. ಉತ್ತರ ತಡವಾಯಿತು. ಮಗಳು ನೋಟ್ ಪುಸ್ತಕದ ಹಾಳೆ ಹರಿಯಲು ಬಿಡಲಿಲ್ಲ.

ಹೊಸ ಮೇಷ್ಟ್ರು ಸಿಟಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಹನ್ನೊಂದಕ್ಕೆ ಬಂದು ಮೂರಕ್ಕೆ ಗಡಿಯಾರ ನೋಡುತ್ತಾರೆ. ಕೇರಿಯ ಚಿಕ್ಕಮಾರಯ್ಯನ ಮಗಳು ಮರಿಯಮ್ಮ ಅವರಿಗಿಂತ ಬೇಗ ಲೆಕ್ಕ ಮಾಡುತ್ತಾಳೆ, ಅದಕ್ಕೆ ಅವಳಿಗೆ ಬೈಗುಳ. ಜಕ್ಕೂರಿನ ವಿಮಾನ ಹಾರಿದರೆ ಮಕ್ಕಳೆಲ್ಲ ಮೊದಲಿನ ಹಾಗೇ ಹೊರಗೆ ಓಡುತ್ತಾರೆ. ನೀವಾದರೆ ಹಿಂದೆಯೇ ಓಡಿ ಬಂದು ನೀವೂ ನೋಡುತ್ತಿದ್ದಿರಿ.

ಊರಿನ ಸಮಾಚಾರ ಸರಿಯಿಲ್ಲ. ದ್ರಾಕ್ಷಿ ತೋಟದ ಪಿಳ್ಳಣ್ಣನ ಮಗನನ್ನು ಜಾಲಹಳ್ಳಿ ಕಾರ್ಖಾನೆಯಲ್ಲಿ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಅವತ್ತಿನಿಂದ ಊರ ಬಾವಿ ಹತ್ತಿರ ಅವರದು ಇದೇ ಮಾತು. ‘ಇಂಗ್ಲೀಸ್ ಬರಾಕಿಲ್ಲ ಅಂತ ಗೇಟಿಂದ್ಲೇ ಕಳ್ಸವ್ರೆ ಕಣ್ರಪ್ಪ. ಇನ್ನೆಷ್ಟು ದಿನ ಇಂಗೇ ಇರಾದು? ನಾವೇ ಒಂದು ಇಂಗ್ಲೀಸ್ ಇಸ್ಕೂಲ್ ಮಾಡಾಣ.’ ಅದಕ್ಕೊಂದು ಕಮಿಟಿಯೂ ಆಗಿದೆ. ಮಾಡಲಿ, ಯಾರು ಬೇಡ ಅಂದರು? ಆದರೆ ಅವರ ಕಣ್ಣು ಬಿದ್ದಿರುವುದು ನಮ್ಮ ಪಡಸಾಲೆ ಮೇಲೆ. ಹೆಂಚು ಹೊದಿಸಿದ ಅಷ್ಟು ದೊಡ್ಡ ಜಾಗ ಊರಲ್ಲಿ ಇನ್ನೊಂದಿಲ್ಲ. ಫೀಜು ಕೊಡುವವರ ಮಕ್ಕಳಿಗೆ ಮಾತ್ರ ಸೀಟಂತೆ. ಮರಿಯಮ್ಮನಂಥವರು ಎಲ್ಲಿಗೆ ಹೋಗಬೇಕು?

ಊರು ಎರಡಾಗಿದೆ. ಪಕ್ಕದ ಮನೆ ಸೊಣ್ಣಮ್ಮ ಆ ಕಡೆ. ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಕೇಳಿದರೆ ಇಲ್ಲ ಅಂದಳು. ಮಜ್ಜಿಗೆಯ ಮಡಕೆ ಅವಳ ಕೈಯಲ್ಲೇ ಇತ್ತು.

ಹೋದ ವರ್ಷ ಮಾವ ಹೋದ ಮೇಲೆ ಮನೆಯ ಖಾತೆ ಬದಲಾಗಿಲ್ಲವಲ್ಲ, ಮೈದುನ ಮುನಿಶಾಮಿ ಅದಕ್ಕಾಗಿ ಓಡಾಡುತ್ತಿದ್ದಾನೆ. ಅವನು ಈ ಜಗಳದಲ್ಲಿ ಯಾವ ಕಡೆ ಅಂತ ಬಾಯಿ ಬಿಟ್ಟಿಲ್ಲ.

ಗಂಗರತ್ನ


ಪಾವಗಡ
10-8-1958

ಗಂಗರತ್ನಮ್ಮ,

ನಿನ್ನ ಕಾಗದದಲ್ಲಿ ತಪ್ಪು ಹುಡುಕಿದೆ. ಎರಡೇ ಎರಡು ಸಿಕ್ಕವು. ಮೇಷ್ಟ್ರ ಹೊಟ್ಟೆಗೆ ಹೊಡೆದೆ.

ಈಗ ಕೆಲಸದ ಮಾತು. ನೀನು ಹೆದರಬೇಡ. 1943ರ ವಿಜಯದಶಮಿಯ ದಿನ ನೀನಿನ್ನೂ ಆ ಮನೆಗೆ ಬಂದಿರಲಿಲ್ಲ. ಊರ ದೇವತೆ ಪಟಾಲಮ್ಮನ ಗುಡಿಯ ಮುಂದೆ ಊರೆಲ್ಲ ಸೇರಿತ್ತು. ನಿನ್ನ ಮಾವ ತುಳಸಿ ದಳ ಹಿಡಿದು, ಚೊಂಬಿನಿಂದ ಈ ನನ್ನ ಕೈಗೆ ನೀರು ಬಿಟ್ಟರು. ‘ಪಡಸಾಲೆ ಇಸ್ಕೂಲಿಗೆ. ಎಲ್ಲಾ ಮಕ್ಳೂ ಒಳಗೇ ಕೂತ್ಕೋಬೇಕು, ಕೇರಿಯವ್ರೂ ಒಳಗೇ’ ಅಂದರು. ಕೆಲವರು ಮುಖ ಸಿಂಡರಿಸಿದರು, ಆದರೆ ಯಾರೂ ಉಸಿರೆತ್ತಲಿಲ್ಲ. ನೀರು ಬಿಟ್ಟು ಕೊಟ್ಟದ್ದನ್ನು ವಾಪಸು ತಗೊಳ್ಳುವ ಗಂಡಸು ನಿಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಾಗದ ಎಲ್ಲಿ ಅಂತ ಪಿಳ್ಳಣ್ಣ ಕೇಳಿದರೆ, ಚಿಕ್ಕಹನುಮಯ್ಯನವರ ಮಾತಿಗೆ ಛಾಪಾ ಕಾಗದ ಬೇಕಾ ಅಂತ ನೀನೇ ಕೇಳು. ಇಲಾಖೆಗೂ ಎಲ್ಲ ತಿಳಿದಿದೆ.

ಇನ್ನೊಂದು. ನಿನ್ನ ಗಂಡನ ಭಾಗ ಈಗ ನಿನ್ನದು. ನೀನು ಒಪ್ಪಿ ಸಹಿ ಮಾಡದೆ ಮುನಿಶಾಮಿ ಆ ಪಡಸಾಲೆಯ ಒಂದು ಹೆಂಚನ್ನೂ ಯಾರಿಗೂ ಕೊಡಲಾರ. ನೀನೋ ಓದದೆ ಸಹಿ ಮಾಡುವವಳಲ್ಲ. ಅಂಗಡಿಯ ಪೊಟ್ಟಣದ ಕಾಗದವನ್ನೂ ಬಿಡಿಸಿ ಓದುವವಳು. ಆದ್ದರಿಂದ ಈ ಮೇಷ್ಟ್ರು ಪಾವಗಡದಲ್ಲಿ ನಿಶ್ಚಿಂತೆಯಿಂದ ಮಲಗಿದ್ದಾನೆ.

ನರಸಿಂಹಯ್ಯ


ಹುಣಸೇಪಾಳ್ಯ
5-11-1958

ಮೇಷ್ಟ್ರಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು.

ದಸರಾ ರಜ ಮುಗಿಸಿ ಮಕ್ಕಳು ಬಂದರೆ ಪಡಸಾಲೆಗೆ ಬೀಗ. ಮುನಿಶಾಮಿ ಪಿಳ್ಳಣ್ಣನ ಕಮಿಟಿಗೆ ಒಪ್ಪಿಗೆ ಪತ್ರ ಬರೆದುಕೊಟ್ಟಿದ್ದಾನೆ. ಅದರಲ್ಲಿ ನನ್ನ ಹೆಸರೂ ಇದೆಯಂತೆ. ರಿಜಿಸ್ಟರ್ ಇನ್ನೂ ಆಗಿಲ್ಲ. ಹಳೇ ಜನ ಗಲಾಟೆ ಮಾಡಿದ್ದಕ್ಕೆ ಬೀಗ ತೆಗೆದಿದ್ದಾರೆ, ಸಂಕ್ರಾಂತಿವರೆಗೆ ಮಾತ್ರ ಅಂತ ಹೇಳಿದ್ದಾರೆ.

ಚಿಕ್ಕಮಾರಯ್ಯ ಅಂಗಳದಲ್ಲಿ ನಿಂತು ‘ಅಮ್ಮಣ್ಣಿ, ನೀವೂ ಒಪ್ಕಂಡ್ರಾ?’ ಅಂದ. ನಾನು ಒಳಗೆ ಹೋದೆ.

ಮಾವ ಬಿಟ್ಟ ನೀರಿಗೆ ಏನೂ ಬೆಲೆಯಿಲ್ಲವೇ ಮೇಷ್ಟ್ರೇ? ಏನಾದರೂ ದಾರಿ ಇದ್ದರೆ ತಿಳಿಸಿ.

ಗಂಗರತ್ನ


ಪಾವಗಡ
14-11-1958

ಗಂಗರತ್ನಮ್ಮ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ನಿನ್ನ ಹೆಸರು ಇದೆಯಂತೆ ಅಂದರೆ ಏನರ್ಥ? ಕಳ್ಳ ಸಹಿ! ನೀನು ಹೇಳುವುದಕ್ಕೆ ಅಂಜುತ್ತಿದ್ದೀಯೆ, ಮೈದುನನನ್ನು ಕಳ್ಳ ಅನ್ನಲು ನಾಲಗೆ ಬರುತ್ತಿಲ್ಲ. ನನಗೆ ಅರ್ಥವಾಗುತ್ತದೆ ಕಣಮ್ಮ. ಆದರೆ ಮನೆಯ ಮಾನ ಉಳಿಸಲು ಹೋಗಿ ಊರಿನ ಮಕ್ಕಳನ್ನು ಬೀದಿಗೆ ಹಾಕಬೇಡ.

ನಾನು ಸುಮ್ಮನೆ ಕೂತಿಲ್ಲ. ನಿನ್ನ ಹೆಸರಿನಲ್ಲಿ ಅಮಲ್ದಾರರಿಗೆ ಒಂದು ಅರ್ಜಿ ಬರೆದು ನಿನ್ನೆಯೇ ಟಪಾಲಿಗೆ ಹಾಕಿದೆ. ‘ಸದರಿ ಒಪ್ಪಿಗೆ ಪತ್ರದಲ್ಲಿರುವ ಸಹಿ ನನ್ನದಲ್ಲ’ ಎಂದು. ನಿನ್ನನ್ನು ಕೇಳದೆ ಮಾಡಿದೆ, ಕೇಳುತ್ತ ಕೂತರೆ ಸಂಕ್ರಾಂತಿ ಬಂದುಬಿಡುತ್ತದೆ. ಅವರು ವಿಚಾರಣೆಗೆ ಬಂದಾಗ ನೀನು ಮಾಡಬೇಕಾದ್ದು ಇಷ್ಟೇ. ಸೆರಗು ಸರಿಮಾಡಿಕೊಂಡು ಮುಂದೆ ಬಾ, ಇದ್ದದ್ದನ್ನು ಇದ್ದ ಹಾಗೆ ಹೇಳು. ನಿಜ ಹೇಳುವುದಕ್ಕೆ ಭಯವೇಕೆ?

ನನ್ನ ಶಿಷ್ಯೆ ಓದದೆ ಸಹಿ ಮಾಡಿದಳು ಅಂತ ಯಾರಾದರೂ ನನಗೆ ಹೇಳಿದ್ದರೆ, ಹಾಗೆ ಹೇಳಿದವನ ಮುಖ ನಾನು ಮತ್ತೆ ನೋಡುತ್ತಿರಲಿಲ್ಲ.

ನರಸಿಂಹಯ್ಯ


ಹುಣಸೇಪಾಳ್ಯ
18-1-1959

ಮೇಷ್ಟ್ರ ಪಾದಗಳಿಗೆ ಗಂಗರತ್ನ ಅಡ್ಡಬೀಳುತ್ತಾಳೆ.

ಎರಡು ತಿಂಗಳು ಈ ಕಾಗದ ಬರೆಯಲು ಕೂತು ಎದ್ದೆ. ಇವತ್ತು ಬರೆಯದಿದ್ದರೆ ಇನ್ನು ಬರೆಯುವ ಹಾಗಿಲ್ಲ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಆ ಸಹಿ ನನ್ನದೇ.

ನಿಮ್ಮ ಆಗಸ್ಟಿನ ಕಾಗದ ಬರುವ ಹದಿನೈದು ದಿನ ಮೊದಲೇ ಮಾಡಿದ್ದೆ. ಮುನಿಶಾಮಿ ಛಾಪಾ ಕಾಗದ, ಮಸಿ ಮೆತ್ತಿದ ಅರಿವೆ ಎರಡನ್ನೂ ತಂದು ‘ಖಾತೆಗೆ ಬೇಕು, ಎಬ್ಬೆಟ್ಟು ಒತ್ತಿ ಅತ್ಗೆಮ್ಮ’ ಅಂದ. ಅವನ ಜೊತೆ ಪಿಳ್ಳಣ್ಣ, ಇನ್ನಿಬ್ಬರು. ‘ಪೆನ್ನು ಕೊಡು’ ಅಂದೆ. ಆ ಮಾತು ಆಡುವಾಗ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ ಮೇಷ್ಟ್ರೇ? ನಮ್ಮ ಮನೆಯಲ್ಲಿ ಗಂಡಸರೇ ಹೆಬ್ಬೆಟ್ಟು. ನಾಲ್ಕು ಜನರ ಎದುರು ನನ್ನ ಹೆಸರು ಬರೆದೆ, ಒಂದೊಂದು ಅಕ್ಷರವೂ ನೀವು ಕಲಿಸಿದ ಹಾಗೆ ದುಂಡಗೆ. ಮುನಿಶಾಮಿ ಬಾಯಿ ಬಿಟ್ಟುಕೊಂಡು ನೋಡಿದ.

ಓದಲಿಲ್ಲ. ಓದಲು ಬರುತ್ತಿತ್ತು, ಕಾಗದ ಕೈಯಲ್ಲೇ ಇತ್ತು, ಓದಲಿಲ್ಲ. ಮನೆಯ ಗಂಡಸು ಕೊಟ್ಟ ಕಾಗದವನ್ನು ಅವನ ಕಣ್ಣೆದುರೇ ಓದುವುದು ಅಂದರೆ ನಿನ್ನನ್ನು ನಂಬಿಲ್ಲ ಅಂದ ಹಾಗಲ್ಲವೇ? ತನ್ನ ಅಣ್ಣ ಸತ್ತ ಮೇಲೂ ನನಗೂ ಮಗಳಿಗೂ ಅನ್ನ ಹಾಕಿದವನು ಅವನು. ಹೇಗೆ ಓದಲಿ? ಪೊಟ್ಟಣದ ಕಾಗದ ಬಿಡಿಸಿ ಓದಿದರೆ ಯಾರಿಗೂ ಅವಮಾನವಿಲ್ಲ.

ನಿಮ್ಮ ಕಾಗದ ಬಂದಾಗ ಗೊತ್ತಾಯಿತು ನಾನು ಮಾಡಿದ್ದು ಏನು ಅಂತ. ಹೇಳಲು ನಾಚಿಕೆಯಾಯಿತು. ಆಮೇಲೆ ನೀವು ಕಳ್ಳ ಸಹಿ ಅಂತ ಬರೆದಿರಿ. ಅಂಥವಳ ಮುಖ ನೋಡುವುದಿಲ್ಲ ಅಂತಲೂ ಬರೆದಿರಿ. ಹೇಗೂ ನನ್ನ ಮುಖ ನೀವು ನೋಡಿಯೇ ಇಲ್ಲ. ಆದರೂ ಹೇಳಲು ಆಗಲಿಲ್ಲ.

ಮೊನ್ನೆ ಶುಕ್ರವಾರ ಅಮಲ್ದಾರರು ಬಂದರು. ಪಟಾಲಮ್ಮನ ಗುಡಿ ಮುಂದೆ ಕುರ್ಚಿ ಹಾಕಿದ್ದರು. ಕೇರಿಯವರೆಲ್ಲ ಹುಣಸೆ ಮರದ ಕೆಳಗೆ ನಿಂತಿದ್ದರು, ಮರಿಯಮ್ಮ ಅಪ್ಪನ ಪಂಚೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ‘ಇದು ನಿನ್ನ ಸಹಿಯೇನಮ್ಮ?’ ಅಂದರು. ಅಲ್ಲ ಅಂದೆ. ‘ಹಾಗಾದರೆ ಇಲ್ಲಿ ನಿನ್ನ ಸಹಿ ಮಾಡು, ಎರಡನ್ನೂ ಇಟ್ಟು ನೋಡೋಣ’ ಅಂದರು.

ಬರೆದರೆ ಎರಡೂ ಒಂದೇ ಆಗುತ್ತಿತ್ತು ಮೇಷ್ಟ್ರೇ. ನನಗೆ ಬೇರೆ ಥರ ಬರೆಯಲು ಬರುವುದಿಲ್ಲ. ಅದಕ್ಕೇ ಹೇಳಿಬಿಟ್ಟೆ. ‘ಸ್ವಾಮಿ, ನಂಗೆ ಅಕ್ಸರವೇ ಬರಾಕಿಲ್ಲ.’

ಮುನಿಶಾಮಿ ಕುಣಿದುಬಿಟ್ಟ. ‘ಸುಳ್ಳು! ಅತ್ಗೆಮ್ಮಂಗೆ ಚೆನ್ನಾಗಿ ಬರೀಯಾಕೆ ಬತ್ತದೆ. ಆ ಮೇಷ್ಟ್ರು ಬಾಗ್ಲಿಂದೆ ಕೂತು ಕಲ್ಸವ್ನೆ.’ ಪಿಳ್ಳಣ್ಣ ನಕ್ಕು, ‘ಬಾಗ್ಲಿಂದೆ ಇನ್ನೇನೇನ್ ಕಲ್ಸವ್ನೋ’ ಅಂದ. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಆಗ ಶಾಲೆಯ ಜೊತೆ ನಿಮ್ಮ ಮಾನವೂ ನನ್ನ ಬಾಯಲ್ಲಿ ಬಂದು ಕೂತಿತು. ‘ಆಣೆ ಮಾಡ್ಲಿ’ ಅಂತ ಸೊಣ್ಣಮ್ಮ ಕೂಗಿದಳು. ಅಮಲ್ದಾರರು ಅದೆಲ್ಲ ಬೇಡ ಅಂದರು, ಊರು ಕೇಳಲಿಲ್ಲ.

ಕರ್ಪೂರ ಹಚ್ಚಿದರು. ಪಟಾಲಮ್ಮನ ಮುಂದೆ ನಿಂತು, ನನಗೆ ಅಕ್ಷರ ಬಾರದು, ಯಾರೂ ಕಲಿಸಿಲ್ಲ ಅಂದು ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿದೆ. ಆಮೇಲೆ ಗುಮಾಸ್ತ ನನ್ನ ಎಡಗೈ ಹಿಡಿದು ಹೇಳಿಕೆ ಮೇಲೆ ಹೆಬ್ಬೆಟ್ಟು ಒತ್ತಿಸಿದ. ಒಪ್ಪಿಗೆ ಪತ್ರ ರದ್ದು, ಶಾಲೆ ಇದ್ದಲ್ಲೇ ಇರಲಿ ಅಂತ ಬರೆದುಕೊಂಡು ಅಮಲ್ದಾರರು ಜೀಪು ಹತ್ತಿದರು. ಚಿಕ್ಕಮಾರಯ್ಯ ಅತ್ತುಬಿಟ್ಟ. ನಾನು ಗೆದ್ದೆ ಅಂತ ಎಲ್ಲರೂ ಅಂದರು.

ಸುಳ್ಳು ಆಣೆ ಮಾಡಿದವಳನ್ನು ಅಮ್ಮ ಏನೂ ಮಾಡುವುದಿಲ್ಲ, ಅವಳ ಮಗುವನ್ನು ಹಿಡಿಯುತ್ತಾಳೆ. ನನಗಿರುವುದು ಒಂದೇ ಮಗು, ಅದೂ ಅವಳ ಹೆಸರಿನದೇ. ರಾತ್ರಿ ಮಲಗಿದ್ದ ಪಟಾಲಿಯ ಹಣೆ ಮುಟ್ಟಿ ಮುಟ್ಟಿ ನೋಡಿದೆ. ಬೆಳಿಗ್ಗೆ ಗುಡಿಗೆ ಹೋಗಿ ಕೇಳಿಕೊಂಡೆ. ತಾಯಿ, ಆಡಿದ ಸುಳ್ಳನ್ನು ನಿಜ ಮಾಡಿಬಿಡುತ್ತೇನೆ, ಇವತ್ತಿನಿಂದ ನನಗೆ ಅಕ್ಷರ ಬಾರದು. ಮೇಷ್ಟ್ರಿಗೆ ಒಂದು ಕಾಗದ ಬರೆಯಲು ಮಾತ್ರ ಅಪ್ಪಣೆ ಕೊಡು ಅಂತ. ಬಲಗಡೆ ಹೂ ಬಿತ್ತು.

ಇದೇ ಆ ಕಾಗದ. ಇನ್ನು ಅರ್ಧ ಹಾಳೆ ಉಳಿದಿದೆ, ಏನು ಬರೆಯಲಿ ಅಂತ ತಿಳಿಯುತ್ತಿಲ್ಲ. ಮುಗಿಸಲು ಮನಸ್ಸು ಬರುತ್ತಿಲ್ಲ. ಸ್ಲೇಟನ್ನು ಪಟಾಲಿಗೆ ಕೊಟ್ಟಿದ್ದೇನೆ. ಕಾಲು ನೋವಿಗೆ ಹರಳೆಣ್ಣೆ ಹಚ್ಚಿ, ಬಿಸಿಲಿಗೆ ಹೋಗುವಾಗ ತಲೆಗೆ ವಸ್ತ್ರ ಸುತ್ತಿಕೊಳ್ಳಿ. ತಪ್ಪಿದ್ದರೆ ತಿದ್ದಬೇಡಿ.

ಗಂಗರತ್ನ


ಪಾವಗಡ
8-2-1959

ಗಂಗರತ್ನಮ್ಮ,

ಈ ಕಾಗದವನ್ನು ಪಟಾಲಮ್ಮ ಓದಿ ಹೇಳುತ್ತಿದ್ದಾಳೋ, ನೀನೇ ಓದುತ್ತಿದ್ದೀಯೋ ಗೊತ್ತಿಲ್ಲ. ನೀನೇ ಓದುತ್ತಿದ್ದೀಯೆ ಅಂದುಕೊಂಡು ಬರೆಯುತ್ತೇನೆ.

ಮುಖ ನೋಡುವುದಿಲ್ಲ ಅಂದೆನಲ್ಲ, ಆ ಮಾತಿಗೆ ನನ್ನ ನಾಲಗೆಯನ್ನು ಏನು ಮಾಡಿದರೂ ಕಮ್ಮಿಯೇ. ನಾನು ಅರ್ಜಿ ಬರೆಯದಿದ್ದರೆ ನೀನು ಆ ಗುಡಿಯ ಮುಂದೆ ನಿಲ್ಲಬೇಕಾಗುತ್ತಿರಲಿಲ್ಲ. ಆದರೆ ಇದೆಂಥ ಹಟ ತಾಯಿ? ಈಜು ಕಲಿತವಳು ಮರೆತೆ ಅಂದರೆ ನೀರು ನಂಬುತ್ತದೆಯೇ? ಪಟಾಲಮ್ಮನೂ ಹೆಣ್ಣು ದೇವರು. ನೂರು ಮಕ್ಕಳಿಗಾಗಿ ಆಡಿದ ಸುಳ್ಳನ್ನು ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಪಾಪ ನನಗಿರಲಿ ಅಂತ ಇಲ್ಲಿನ ಆಂಜನೇಯನ ಮುಂದೆ ತೆಂಗಿನಕಾಯಿ ಒಡೆದಿದ್ದೇನೆ.

ಶಾಲೆ ಉಳಿಯಿತಲ್ಲ, ಅದನ್ನು ನೆನೆದು ಸಮಾಧಾನ ಮಾಡಿಕೋ. ನೀನು ಕೊಟ್ಟ ಬೆಲೆಗೆ ಆ ಪಡಸಾಲೆ ಇನ್ನು ನೂರು ವರ್ಷ ನಿಲ್ಲುತ್ತದೆ.

ಒಂದು ಸಾಲು ಬರೆ.

ನರಸಿಂಹಯ್ಯ


ಹುಣಸೇಪಾಳ್ಯ
21-6-1959

ಪೂಜ್ಯ ಗುರುಗಳಾದ ನರಸಿಂಹಯ್ಯ ಮೇಷ್ಟ್ರಿಗೆ ಶಿಷ್ಯೆಯಾದ ಪಟಾಲಮ್ಮ ಮಾಡುವ ನಮಸ್ಕಾರಗಳು.

ನಾನು ನಾಲ್ಕನೇ ಕ್ಲಾಸು ಪಾಸಾದೆ. ನಿಮ್ಮ ಹಿಂದಿನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ರೊಟ್ಟಿ ತಟ್ಟುತ್ತಲೇ ಇದ್ದಳು.

ಹೋದ ವಾರ ವಿದ್ಯಾ ಇಲಾಖೆಯ ಸಾಹೇಬರು ಬಂದಿದ್ದರು. ಶಾಲೆಯಲ್ಲಿ ಕಿಟಕಿ ಮುರಿದಿದೆ, ರಿಪೇರಿಗೆ ಹಣ ಬೇಕು ಅಂತ ಹೊಸ ಮೇಷ್ಟ್ರು ಅರ್ಜಿ ಹಾಕಿದ್ದರು. ಸಾಹೇಬರು ದಾನಪತ್ರ ಎಲ್ಲಿ ಅಂದರು. ಹೊಸ ಮೇಷ್ಟ್ರು ಇಲ್ಲ ಅಂದರು. ತಾತ ನೀರು ಬಿಟ್ಟಿದ್ದನ್ನು ಚಿಕ್ಕಮಾರಯ್ಯ ಮಾವ ಹೇಳಿದರು. ಸಾಹೇಬರು, ‘ನೀರು ಇಲಾಖೆಯ ಫೈಲಿನಲ್ಲಿ ನಿಲ್ಲೋದಿಲ್ಲಪ್ಪ’ ಅಂದರು. ಶಾಲೆಯ ಹಳೇ ಕಬ್ಬಿಣದ ಪೆಟ್ಟಿಗೆ ತೆಗೆಸಿ ಹುಡುಕಿದರು. ತಳದಲ್ಲಿ ಒಂದು ಹುಕುಂ ಸಿಕ್ಕಿತು. 1949ನೇ ಇಸವಿಯದು. ಕಟ್ಟಡದ ಮಾಲೀಕರಿಂದ ಒಂದು ತಿಂಗಳ ಒಳಗೆ ದಾನಪತ್ರ ಬರೆಸಿ ಕಳಿಸತಕ್ಕದ್ದು, ತಪ್ಪಿದಲ್ಲಿ ಕಟ್ಟಡದ ಮೇಲೆ ಇಲಾಖೆಗೆ ಹಕ್ಕು ಇರುವುದಿಲ್ಲ ಅಂತ ಇತ್ತು. ಅದರ ಕೆಳಗೆ ‘ನೋಡಿದೆ’ ಅಂತ ನಿಮ್ಮ ಅಕ್ಷರ, ನಿಮ್ಮ ಸಹಿ. ನಾನು ಗುರುತು ಹಿಡಿದೆ! ಇದು ನಮ್ಮ ಮೇಷ್ಟ್ರದು ಅಂತ ನಾನೇ ಮೊದಲು ಹೇಳಿದ್ದು.

ಸಾಹೇಬರು ಇದು ಖಾಸಗಿ ಕಟ್ಟಡ, ಮಾಲೀಕರು ಕೇಳಿದರೆ ಬಿಡಬೇಕು ಅಂತ ಬರೆದರು. ಚಿಕ್ಕಪ್ಪ ಅಲ್ಲೇ ಕೇಳಿದರು. ಮುಂದಿನ ತಿಂಗಳು ಮನೆ ಪಾಲಾಗುತ್ತದೆ. ಪಡಸಾಲೆ ಚಿಕ್ಕಪ್ಪನಿಗೆ, ಅಡಿಗೆಮನೆ ಮತ್ತು ಹಿತ್ತಲು ನಮಗೆ.

ಆ ಹುಕುಮನ್ನು ಅಮ್ಮ ನನ್ನ ಕೈಲಿ ಓದಿಸಿದಳು. ಮೂರು ಸಲ ಓದಿಸಿದಳು. ಆಮೇಲೆ ಇಸವಿ ಮಾತ್ರ ಇನ್ನೊಂದು ಸಲ ಓದು ಅಂದಳು. ನೀವು ಯಾವಾಗ ಬರುತ್ತೀರಿ?

ಇತಿ ನಿಮ್ಮ ಶಿಷ್ಯೆ
ಪಟಾಲಮ್ಮ


ಪಾವಗಡ
5-7-1959

ಪಟಾಲಮ್ಮ, ಈ ಕಾಗದವನ್ನು ಅಮ್ಮನ ಹತ್ತಿರ ಕೂತು ನಿಧಾನವಾಗಿ ಓದು. ನಡುವೆ ನಿಲ್ಲಿಸಬೇಡ.

ಗಂಗರತ್ನಮ್ಮ, ಆ ಹುಕುಂ ಬಂದದ್ದು ನಿಜ. ಅದನ್ನು ಹಿಡಿದುಕೊಂಡು ನಿನ್ನ ಮಾವನ ಹತ್ತಿರ ಹೋದದ್ದೂ ನಿಜ. ಜಗಲಿಯ ಮೇಲೆ ಕೂತಿದ್ದರು. ನನ್ನ ಮುಖ ನೋಡಿ, ‘ಏನ್ ಮೇಷ್ಟ್ರೇ, ಏನಾರ ಕೊರತೆ ಆಯ್ತಾ? ಏಳಿ, ಸಂಕೋಚ ಬ್ಯಾಡ’ ಅಂದು ಮಜ್ಜಿಗೆ ತರಿಸಿದರು. ಕಾಗದ ನನ್ನ ಜೇಬಿನಲ್ಲಿತ್ತು. ಅದೇ ಮನುಷ್ಯ ನನ್ನ ಕೈಗೆ ನೀರು ಬಿಟ್ಟವರು. ಅವರಿಗೆ ಈಗ ಬರೆದುಕೊಡಿ ಅನ್ನುವುದು ಅವರ ಮಾತಿನ ಮೇಲೆ ಉಗಿದ ಹಾಗೆ ಅನ್ನಿಸಿತು. ಮಜ್ಜಿಗೆ ಕುಡಿದು ಎದ್ದು ಬಂದೆ. ನಾಳೆ ಕೇಳೋಣ ಅಂದುಕೊಂಡೆ. ಹೀಗೆ ಎಂಟು ವರ್ಷ ನಾಳೆ ಕೇಳೋಣ ಅಂದುಕೊಂಡೆ, ಅವರು ತೀರಿಕೊಂಡರು. ಕೇಳಿದ್ದರೆ ನಗುತ್ತಲೇ ಹೆಬ್ಬೆಟ್ಟು ಒತ್ತುತ್ತಿದ್ದರು. ಅರ್ಧ ಗಳಿಗೆಯ ಕೆಲಸ.

ನಿನಗೆ ಧೈರ್ಯ ಹೇಳಿ ಬರೆದ ಪ್ರತಿ ಕಾಗದದಲ್ಲೂ ಈ ಮಾತು ನನ್ನ ಪೆನ್ನಿನ ತುದಿಗೆ ಬಂದಿತ್ತು. ಇಲಾಖೆಗೆ ಎಲ್ಲ ತಿಳಿದಿದೆ ಅಂತ ಬರೆದೆ. ಸುಳ್ಳು. ನಿನ್ನ ಸಹಿಯ ಮೇಲೆ ಅಷ್ಟು ಆರ್ಭಟ ಮಾಡಿದ್ದೂ ನನ್ನ ತಪ್ಪು ಕಾಣದಿರಲಿ ಅಂತಲೇ ಇರಬೇಕು. ನೀನು ಕರ್ಪೂರ ಆರಿಸಿದ್ದು ದಂಡವಾಯಿತು. ಅಕ್ಷರ ಬಿಟ್ಟದ್ದು ದಂಡವಾಯಿತು. ಕಲಿಸಿದವನೇ ಕಿತ್ತುಕೊಂಡ.

ಕ್ಷಮಿಸು ಅನ್ನುವ ಮುಖ ನನಗಿಲ್ಲ. ಒಂದೇ ಒಂದು ಸಾಲು, ನಿನ್ನ ಕೈಯಿಂದ ಬರೆ. ಬೈದಾದರೂ ಬರೆ. ಆ ದುಂಡು ಅಕ್ಷರ ಇನ್ನೊಂದು ಸಲ ನೋಡಬೇಕು.

ನರಸಿಂಹಯ್ಯ


ಹುಣಸೇಪಾಳ್ಯ
12-11-1961

ಪೂಜ್ಯ ಮೇಷ್ಟ್ರಿಗೆ ಪಟಾಲಮ್ಮನ ನಮಸ್ಕಾರಗಳು.

ಎರಡು ವರ್ಷದಲ್ಲಿ ನೀವು ಹಾಕಿದ ಹನ್ನೊಂದು ಕಾಗದಗಳೂ ಬಂದಿವೆ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದ್ದೇನೆ. ಉತ್ತರ ಬರೆಯಲೇ ಅಂತ ಕೇಳಿದಾಗೆಲ್ಲ ಆಮೇಲೆ ಅನ್ನುತ್ತಿದ್ದಳು. ನಿಮಗೆ ಕಣ್ಣು ಮಂಜಾಗಿದೆ, ಮುಂದಿನ ತಿಂಗಳು ಪೆನ್ಷನ್ ಅಂತ ಹಿಂದಿನ ಕಾಗದದಲ್ಲಿ ಬರೆದಿದ್ದಿರಿ. ಅದನ್ನು ಕೇಳಿ ಇವತ್ತು ಬರಿ ಅಂದಳು.

ನಾನು ಯಲಹಂಕದ ಮಿಡ್ಲ್ ಸ್ಕೂಲಿಗೆ ನಡೆದು ಹೋಗುತ್ತೇನೆ. ನಮ್ಮ ಪಡಸಾಲೆಯಲ್ಲಿ ಈಗ ಇಂಗ್ಲಿಷ್ ಶಾಲೆ. ಬೆಂಚು, ಟೈ, ಗಂಟೆ ಎಲ್ಲ ಇದೆ. ಸರ್ಕಾರಿ ಶಾಲೆ ಪಟಾಲಮ್ಮನ ಗುಡಿಯ ಜಗಲಿಗೆ ಹೋಯಿತು. ಗುಡಿಯಾದ್ದರಿಂದ ಕೇರಿಯ ಮಕ್ಕಳು ಹುಣಸೆ ಮರದ ಕೆಳಗೆ ಕೂರಬೇಕು ಅಂದರು. ಮೇಷ್ಟ್ರು ಹೇಳುವುದು ಅಲ್ಲಿಗೆ ಕೇಳಿಸುವುದಿಲ್ಲ. ವಿಮಾನ ಬಂದರೆ ಈಗ ಯಾರೂ ಹೊರಗೆ ಓಡುವುದಿಲ್ಲ, ಎಲ್ಲರೂ ಹೊರಗೇ ಕೂತಿದ್ದಾರೆ. ಒಬ್ಬೊಬ್ಬರಾಗಿ ಕೇರಿಯವರು ಬಿಟ್ಟರು. ಮರಿಯಮ್ಮ ಕೊನೆಗೆ ಬಿಟ್ಟದ್ದು.

ಇಂಗ್ಲಿಷ್ ಶಾಲೆಗೆ ಹಿಂದೆ ಎರಡು ರೂಮು ಕಟ್ಟಿದರು. ಮರಿಯಮ್ಮ ಅಲ್ಲಿ ಇಟ್ಟಿಗೆ ಹೊರುವ ಕೆಲಸಕ್ಕೆ ಬಂದಿದ್ದಳು. ನಮ್ಮ ಅಡಿಗೆಮನೆಗೂ ಪಡಸಾಲೆಗೂ ನಡುವಿನ ಬಾಗಿಲನ್ನೂ ಆಗಲೇ ಮುಚ್ಚಿದರು. ಒಂದು ಸಾಲಿಗೆ ಎಷ್ಟು ಇಟ್ಟಿಗೆ, ಬಾಗಿಲಿಗೆ ಎಷ್ಟು ಅಂತ ಮೇಸ್ತ್ರಿ ಬೆರಳು ಎಣಿಸುತ್ತಿದ್ದ. ಮರಿಯಮ್ಮ ತಲೆಯ ಮೇಲೆ ಹೊತ್ತುಕೊಂಡೇ ನೂರ ಅರವತ್ತೆಂಟು ಅಂದಳು. ಒಂದೂ ಹೆಚ್ಚಾಗಲಿಲ್ಲ, ಒಂದೂ ಕಮ್ಮಿಯಾಗಲಿಲ್ಲ. ಅಮ್ಮ ಅವಳಿಗೆ ಈ ಕಡೆಯಿಂದ ಮಜ್ಜಿಗೆ ಕೊಟ್ಟಳು. ಆಮೇಲೆ ಕೊನೆಯ ಇಟ್ಟಿಗೆ ಕೂತಿತು.

ಈಗ ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ‘ಮೇಷ್ಟ್ರೇ, ನಂಗೆ ನಿಮ್ ಮ್ಯಾಲೆ ಕ್ವಾಪ ಇಲ್ಲ. ಇತ್ತು, ಬಾಳ ಇತ್ತು. ಈಗ ಇಲ್ಲ. ನೀವು ಕೇಳ್ನಿಲ್ಲ, ನಾನು ಓದ್ನಿಲ್ಲ. ಇಬ್ರೂ ದೊಡ್ಡೋರ ಮುಂದೆ ಮರ್ವಾದೆ ಮಾಡಿದ್ವಿ. ಆ ಮರ್ವಾದೆಗೆ ಮರಿಯಮ್ಮ ಇಟ್ಗೆ ಒರ್ತಾ ಅವ್ಳೆ. ಅದೊಂದೇ ನಂಗೆ ನುಂಗಾಕೆ ಆಗಾಕಿಲ್ಲ. ಕಣ್ಣಿಗೆ ಔಸ್ದಿ ಆಕ್ಕೊಳಿ.’

ಇಷ್ಟೇ ಹೇಳಿದಳು.

ಇನ್ನೊಂದು ವಿಷಯವಿದೆ, ಇದನ್ನು ಅಮ್ಮನಿಗೆ ಓದಿ ಹೇಳುವುದಿಲ್ಲ. ಹೋದ ವಾರ ಸ್ಕೂಲಿನಿಂದ ಬೇಗ ಬಂದೆ. ಅಮ್ಮ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು, ಮುಂದೆ ಮೊರದಲ್ಲಿ ರಾಗಿ ಹಿಟ್ಟು. ಹಿಟ್ಟಿನ ಮೇಲೆ ಎರಡು ಸಾಲು ಏನೋ ಇತ್ತು, ದುಂಡದುಂಡಗೆ. ನಾನು ಓದುವುದರೊಳಗೆ ಅಂಗೈಯಿಂದ ಸವರಿಬಿಟ್ಟಳು. ಏನಮ್ಮ ಅದು ಅಂದೆ. ಇಲಿ ಓಡಾಡಿರಬೇಕು ಅಂದಳು.

ನೀವು ಒಂದು ಸಾಲು ಕೇಳಿದ್ದಿರಿ ಅಂತ ನೆನಪು ಮಾಡಿದೆ. ಮಸಿ ತಾ ಅಂದಳು. ನನಗೆ ಖುಷಿಯಾಗಿ ಪೆನ್ನನ್ನೂ ತಂದೆ. ಪೆನ್ನನ್ನು ಪಕ್ಕಕ್ಕೆ ಇಟ್ಟಳು.

ಬರೆದವಳು ಪಟಾಲಮ್ಮ.
ಈ ಕೆಳಗೆ ಇರುವುದು ನನ್ನ ತಾಯಿ ಗಂಗರತ್ನಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು.